ಲಾಂಗ್‌ಟಾಂಗ್ ಕಣಿವೆಗೆ ಹೊರಡುವ ವಿದ್ಯಾರ್ಥಿಗಳು



ಚಳಿಗಾಲ ಕಾಲಿಡುವ ವೇಳೆಗೆ ನಮ್ಮ ಕಾಲೇಜುಗಳ ಸೂಚನಾಫಲಕಗಳ ಮೇಲೆ ಮುಂಬರುವ ಬೇಸಗೆಯ ಪ್ರವಾಸಗಳ ಪ್ರಕಟಣೆಗಳು ಕಾಣಿಸಿಕೊಳ್ಳತೊಡಗುತ್ತವೆ. ಹಿಂದೆ ಅವುಗಳಲ್ಲಿ ಹಂಪೆ, ಬಾದಾಮಿ, ಬೇಲೂರುಗಳ ಹೆಸರಿರುತ್ತಿತ್ತು. ತರುವಾಯ ಹಿಮಾಚಲ, ಉತ್ತರಾಖಂಡಗಳು ಬಂದವು. ಈಚೆಗೆ ಹತ್ತು ಹನ್ನೆರಡು ಮಂದಿಯ ಸಣ್ಣ ತಂಡಗಳು ದೇಶದ ಎಲ್ಲೆಯನ್ನು ದಾಟಿ ನೇಪಾಳದ ಪರ್ವತಗಳಲ್ಲಿ ಕಾಲ್ನಡಿಗೆಯಿಂದ ಸಂಚರಿಸಿ ಬರುವುದೂ ಅಪರೂಪವಲ್ಲದ ಸಂಗತಿಯಾಗಿದೆ. ಇದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುವವನು. ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಅನ್ಯದೇಶದ ಜನರ ನಡುವೆ, ತನ್ನ ಎರಡು ಕಾಲುಗಳನ್ನೂ ಸಂಗಡಿಗರ ಸದ್ಭಾವವನ್ನೂ ನಂಬಿಕೊಂಡು ಒಂದು ವಾರ ಕಳೆದುಬರುವ ಹುಡುಗನಿಗಾಗಲಿ ಹುಡುಗಿಗಾಗಲಿ ಆಗುವ ಲಾಭ, ತರಗತಿಯ ಬೆಂಚಿನ ಮೇಲೆ ವರ್ಷವಿಡೀ ಕುಳಿತರೂ ದೊರೆಯತಕ್ಕದ್ದಲ್ಲ. ಆದರೆ ಆ ಲಾಭ ಕೈಗೂಡುವುದೂ ಕೂಡದಿರುವುದೂ ಹೊರಡುವ ಮುನ್ನ ನಡೆಯುವ ನಾಲ್ಕೈದು ತಿಂಗಳ ಸಿದ್ಧತೆಯನ್ನು ಅವಲಂಬಿಸಿದೆ ಎಂಬುದನ್ನು, ಇಂಥ ತಂಡಗಳೊಡನೆ ಅಧ್ಯಾಪಕನಾಗಿ ಹೋಗಿಬಂದಿರುವ ನಾನು ಬಲ್ಲೆ. ಆ ಸಿದ್ಧತೆಯನ್ನು ಕುರಿತೇ ಇಂದು ತಮ್ಮೊಡನೆ ನಾಲ್ಕು ಮಾತನಾಡಬೇಕೆಂದಿದ್ದೇನೆ.

ನೇಪಾಳವೆಂದೊಡನೆ ವಿದ್ಯಾರ್ಥಿಗಳ ಬಾಯಲ್ಲಿ ಮೊದಲು ಬರುವ ಹೆಸರು ಎವರೆಸ್ಟ್. ಅದು ಸಹಜವೇ ಆದರೂ, ಮೊಟ್ಟಮೊದಲ ಸಲ ಹಿಮದ ಸೀಮೆಗೆ ಕಾಲಿಡುವ ತಂಡಕ್ಕೆ ನಾನು ಸೂಚಿಸುವುದು ಕಾಠ್ಮಂಡುವಿನ ಉತ್ತರಕ್ಕೆ, ಟಿಬೆಟಿನ ಗಡಿಗೆ ಆತುಕೊಂಡಿರುವ ಲಾಂಗ್‌ಟಾಂಗ್ ಕಣಿವೆಯನ್ನು. ಕಾಠ್ಮಂಡುವಿನಿಂದ ಒಂದು ಹಗಲಿನ ಬಸ್ ಪ್ರಯಾಣದಲ್ಲಿ ಸ್ಯಾಬ್ರುಬೆಸಿ ಎಂಬ ಊರನ್ನು ಸೇರಿ, ಅಲ್ಲಿಂದ ಹೊಳೆಯ ದಂಡೆ ಹಿಡಿದು ಬಿದಿರು ಮೆಳೆಗಳನ್ನೂ ಓಕ್ ಮರಗಳ ಕಾಡನ್ನೂ ಹಾದು, ವಸಂತದಲ್ಲಾದರೆ ಕೆಂಪಾಗಿ ಅರಳಿ ನಿಂತ ರೋಡೊಡೆಂಡ್ರನ್ ಮರಗಳ ನಡುವೆ ಏರುತ್ತ ಏರುತ್ತ, 7,200 ಮೀಟರಿಗೂ ಮಿಗಿಲಾದ ಲಾಂಗ್‌ಟಾಂಗ್ ಲಿರುಂಗ್ ಶಿಖರದ ಬುಡದಲ್ಲಿರುವ ಕ್ಯಾಂಜಿನ್ ಗೊಂಪಾ ಎಂಬ ಹಳ್ಳಿಯನ್ನು ಮುಟ್ಟುವುದು ಈ ದಾರಿಯ ಕ್ರಮ. ಬ್ರಿಟಿಷ್ ಪರ್ವತಾರೋಹಿ ಟಿಲ್ಮನ್ 1949ರಲ್ಲಿ ಈ ಕಣಿವೆಯಲ್ಲಿ ಸಂಚರಿಸಿ ಹೊರಜಗತ್ತಿಗೆ ಇದರ ಪರಿಚಯ ಮಾಡಿಕೊಟ್ಟನು. 1976ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿ ಹಗ್ಗ ಹಿಡಿದು ಏರಬೇಕಾದ ಬಂಡೆಯಿಲ್ಲ, ಸಣ್ಣ ವಿಮಾನದಲ್ಲಿ ಇಳಿಯಬೇಕಾದ ಭಯವಿಲ್ಲ, ಊರೂರಿನಲ್ಲಿಯೂ ಊಟವಸತಿಯ ಮನೆಗಳುಂಟು. ಇಷ್ಟೆಲ್ಲ ಸೌಮ್ಯವಾದ ದಾರಿಯಲ್ಲಿಯೂ ಜೀವಕ್ಕೆ ಅಪಾಯವಾಗಬಲ್ಲ ಒಂದು ವಸ್ತುವಿದೆ. ಅದು ಕಣ್ಣಿಗೆ ಕಾಣದು. ಅದು ಎತ್ತರ.

ಸಮುದ್ರತೀರದಲ್ಲಿಯೂ ಪರ್ವತದ ನೆತ್ತಿಯಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಒಂದೇ, ಶೇಕಡಾ 21. ಆದರೆ ಮೇಲೇರಿದಂತೆಲ್ಲ ಗಾಳಿಯ ಒತ್ತಡ ಕುಗ್ಗುವುದರಿಂದ ಒಂದೊಂದು ಉಸಿರಿನಲ್ಲಿಯೂ ಒಳಸೇರುವ ಆಮ್ಲಜನಕ ಕಡಿಮೆಯಾಗುತ್ತ ಹೋಗುತ್ತದೆ. 3,870 ಮೀಟರ್ ಎತ್ತರದ ಕ್ಯಾಂಜಿನ್ ಗೊಂಪಾದಲ್ಲಿ ಅದು ಕಡಲತಡಿಯಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ, 5,500 ಮೀಟರಿನಲ್ಲಿ ಅರ್ಧ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲುದು, ಆದರೆ ಅವಕಾಶ ಬೇಡುತ್ತದೆ. ಅವಸರಪಡಿಸಿದರೆ ತಲೆನೋವು, ವಾಕರಿಕೆ, ನಿತ್ರಾಣ, ನಿದ್ರಾಭಂಗಗಳ ರೂಪದಲ್ಲಿ ತನ್ನ ಅಸಮ್ಮತಿಯನ್ನು ತಿಳಿಸುತ್ತದೆ. ಅದನ್ನೂ ಲೆಕ್ಕಿಸದೆ ಮೇಲೇರಿದರೆ ಮಿದುಳಿನಲ್ಲಿಯೋ ಶ್ವಾಸಕೋಶಗಳಲ್ಲಿಯೋ ನೀರು ತುಂಬಿ, ಗಂಟೆಗಳ ಲೆಕ್ಕದಲ್ಲಿ ಪ್ರಾಣವನ್ನೇ ತೆಗೆಯಬಹುದು. ಪರ್ವತವೈದ್ಯರು ಹೇಳುವ ನಿಯಮಗಳು ಬಹಳ ಸರಳವಾದವು. ಎತ್ತರದಲ್ಲಿ ಮೈ ಸರಿಯಿಲ್ಲವೆಂದರೆ, ಬೇರೆ ಕಾರಣವೆಂದು ಖಚಿತವಾಗುವವರೆಗೆ ಅದು ಎತ್ತರದ ಕಾಯಿಲೆಯೇ ಎಂದು ತಿಳಿಯತಕ್ಕದ್ದು. ಆ ಲಕ್ಷಣಗಳಿರುವಾಗ ಇನ್ನೂ ಮೇಲಿನ ಊರಿನಲ್ಲಿ ಮಲಗಲು ಹೋಗಕೂಡದು. ಉಲ್ಬಣಿಸುತ್ತಿದ್ದರೆ ಹಗಲೋ ಇರುಳೋ ಕೂಡಲೇ ಇಳಿಯತಕ್ಕದ್ದು. ಇದನ್ನು ಹತ್ತು ನಿಮಿಷದಲ್ಲಿ ಕಲಿಸಬಹುದು, ಪರೀಕ್ಷೆಯಲ್ಲಿ ಎಲ್ಲರೂ ಸರಿಯಾಗಿ ಬರೆದುಬಿಡುತ್ತಾರೆ. ಕಷ್ಟವಿರುವುದು ಇನ್ನೊಂದು ಕಡೆ. ಈ ನಿಯಮಗಳೆಲ್ಲ ನಿಂತಿರುವುದು ರೋಗಿಯ ಬಾಯಿಮಾತಿನ ಮೇಲೆ. ತಲೆನೋವನ್ನು ಅಧ್ಯಾಪಕನು ಹೊರಗಿನಿಂದ ಕಾಣಲಾರ. ತನಗೆ ಆಗುತ್ತಿಲ್ಲವೆಂದು ಬಾಯಿಬಿಟ್ಟು ಹೇಳುವುದಿದೆಯಲ್ಲ, ನಮ್ಮ ತರುಣ ತರುಣಿಯರಿಗೆ ಅದರಷ್ಟು ಕಷ್ಟವಾದ ಕೆಲಸ ಮತ್ತೊಂದಿಲ್ಲ.

ಯೋಚಿಸಿ ನೋಡಿ. ತಿಂಗಳುಗಟ್ಟಲೆ ಕಾದು, ತಂದೆಯಿಂದ ಹಣ ತಂದು, ಗೆಳೆಯರಿಗೆಲ್ಲ ಹೇಳಿಕೊಂಡು ಬಂದ ಹುಡುಗನೊಬ್ಬ, ಕೊನೆಯ ಏರಿನ ಹಿಂದಿನ ರಾತ್ರಿ ತನಗೆ ತಲೆ ಸಿಡಿಯುತ್ತಿದೆಯೆಂದು ಹೇಳಿದರೆ ತನ್ನೊಬ್ಬನಿಂದಾಗಿ ಹನ್ನೊಂದು ಜನರ ಆಸೆಗೆ ಭಂಗ ಬಂದೀತೆಂದು ಅಂಜುತ್ತಾನೆ. ಹುಡುಗಿಯಾದರೆ, ಹೆಣ್ಣುಮಕ್ಕಳನ್ನು ಕರೆತಂದದ್ದೇ ತಪ್ಪಾಯಿತು ಎಂಬ ಮಾತು ಬಂದೀತೆಂದು ಇನ್ನಷ್ಟು ಅಂಜುತ್ತಾಳೆ. ಹೀಗೆ ಸೌಜನ್ಯದಿಂದಲೂ ಸ್ವಾಭಿಮಾನದಿಂದಲೂ ಮುಚ್ಚಿಟ್ಟ ತಲೆನೋವೇ ಪರ್ವತದಲ್ಲಿ ಮೃತ್ಯುವಿಗೆ ಬಾಗಿಲು ತೆರೆಯುವುದು. ಆದುದರಿಂದ ನನ್ನ ಮಟ್ಟಿಗೆ ಸಿದ್ಧತೆಯ ಸಾರಸರ್ವಸ್ವ ಇದು: ವಿದ್ಯಾರ್ಥಿಯು ತನ್ನ ದೇಹದ ಸ್ಥಿತಿಯನ್ನು ನಾಚಿಕೆಯಿಲ್ಲದೆ, ಉತ್ಪ್ರೇಕ್ಷೆಯೂ ಇಲ್ಲದೆ ಹೇಳುವಂತಾಗಬೇಕು; ಹಾಗೆ ಹೇಳಿದವನನ್ನು ಕೃತಜ್ಞತೆಯಿಂದ ನೋಡುವ ತಂಡವೊಂದು ಅವನ ಸುತ್ತ ನಿರ್ಮಾಣವಾಗಿರಬೇಕು. ಇವೆರಡೂ ಕಾಠ್ಮಂಡುವಿನಲ್ಲಿ ಇಳಿದ ಮೇಲೆ ಹುಟ್ಟತಕ್ಕವಲ್ಲ.

ಇದಕ್ಕೆ ನಾವು ನಡೆಸುವ ಮೊದಲ ಪಾಠ ಭೂಪಟದ್ದು. ತಂಡದವರೆಲ್ಲರೂ ಒಂದು ಸಂಜೆ ಮೇಜಿನ ಸುತ್ತ ಕೂಡಿ, ಲಾಂಗ್‌ಟಾಂಗಿನ ನಕ್ಷೆಯನ್ನು ಹರಡಿಕೊಂಡು, ರಾತ್ರಿ ತಂಗುವ ಊರುಗಳ ಎತ್ತರವನ್ನು ತಾವೇ ಹುಡುಕಿ ಬರೆಯುತ್ತಾರೆ. ಸ್ಯಾಬ್ರುಬೆಸಿ ಸುಮಾರು 1,500 ಮೀಟರ್. ಲಾಮಾ ಹೋಟೆಲ್ ಎಂಬ ಕಾಡಿನೊಳಗಿನ ತಂಗುದಾಣ 2,400 ದಾಟುತ್ತದೆ. ಲಾಂಗ್‌ಟಾಂಗ್ ಹಳ್ಳಿ 3,430. ಪ್ರವಾಸ ಕಂಪನಿಗಳ ವೇಳಾಪಟ್ಟಿಗಳಲ್ಲಿ ಬಹುಮಟ್ಟಿಗೆ ಇವು ಒಂದರ ಹಿಂದೊಂದು ದಿನದ ತಂಗುದಾಣಗಳು. 3,000 ಮೀಟರಿನ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಗಳಿಗೊಮ್ಮೆ ಒಂದು ದಿನ ಏರದೆ ನಿಲ್ಲಬೇಕು ಎಂಬ ವೈದ್ಯಸೂತ್ರವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದಾಗ, ಎರಡನೆಯ ದಿನದ ಏರು ಸುಮಾರು ಒಂದು ಸಾವಿರ ಮೀಟರ್ ಎಂಬುದು ಕಣ್ಣಿಗೆ ಬೀಳುತ್ತದೆ. ಒಮ್ಮೆ ಲೆಕ್ಕದಲ್ಲಿ ಚುರುಕಾದ ಹುಡುಗನೊಬ್ಬ, “ಮೂರು ಸಾವಿರದ ಮೇಲೆ ತಾನೆ ಸರ್ ಎಣಿಸಬೇಕಾದದ್ದು? ಹಾಗೆ ನೋಡಿದರೆ ನಾವು ಏರೋದು ನಾನೂರ ಮೂವತ್ತೇ” ಎಂದು ವಾದಿಸಿದನು. ನಾನು ಉತ್ತರ ಹೇಳುವ ಮೊದಲೇ, ಮೇಜಿನ ಆಚೆ ಬದಿಯಲ್ಲಿದ್ದ ಹುಡುಗಿ, “ಲೆಕ್ಕ ಸರಿ ಕಣೋ, ಆದರೆ ನಿನ್ನ ಮೈಗೆ ಮೂರು ಸಾವಿರದ ಗೆರೆ ಎಲ್ಲಿದೆ ಅಂತ ಗೊತ್ತಾ?” ಎಂದಳು. ಅಲ್ಲಿಂದ ಮುಂದೆ ಅವರವರೇ ಚರ್ಚಿಸಿ, ನಡುವೆ ಸುಮಾರು 3,000 ಮೀಟರ್ ಎತ್ತರದ ಘೋಡಾತಬೇಲಾದಲ್ಲಿ ಒಂದು ರಾತ್ರಿ ತಂಗುವುದೆಂದೂ, ಕ್ಯಾಂಜಿನ್ ಸೇರಿದ ಮರುದಿನ ಪೂರ್ತಿ ಅಲ್ಲಿಯೇ ಇರುವುದೆಂದೂ ತೀರ್ಮಾನಿಸಿದರು. ನಾನು ಆಜ್ಞಾಪಿಸಿದ್ದರೆ ಅದೇ ತೀರ್ಮಾನವನ್ನು ಅವರು ಸಹಿಸಿಕೊಳ್ಳುತ್ತಿದ್ದರು. ತಾವೇ ಕಂಡುಕೊಂಡದ್ದರಿಂದ ಅದನ್ನು ಕಾಪಾಡಿದರು.

ಎರಡನೆಯದು ಕಾಲುಗಳ ಪಾಠ. ಬೆಟ್ಟ ಹತ್ತುವ ಅಭ್ಯಾಸಕ್ಕೆ ಕರ್ನಾಟಕದಲ್ಲಿ ಏನೂ ಕೊರತೆಯಿಲ್ಲ. ಕುಕ್ಕೆಯಿಂದ ಕುಮಾರಪರ್ವತದ ತುದಿಗೆ ಒಂದೂವರೆ ಸಾವಿರ ಮೀಟರಿಗೂ ಮಿಗಿಲಾದ ಏರು. ನೇಪಾಳದ ದಾರಿಯ ಯಾವ ಒಂದು ದಿನವೂ ಅದಕ್ಕಿಂತ ಕಠಿನವಲ್ಲ. ಆದರೆ ಇಲ್ಲಿ ಒಂದು ಭ್ರಮೆ ಹುಟ್ಟಲು ಅವಕಾಶವಿದೆ. ನಮ್ಮ ನಾಡಿನ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ 1,930 ಮೀಟರ್. ಲಾಂಗ್‌ಟಾಂಗಿನ ದಾರಿಯಲ್ಲಿ ನಡಿಗೆ ತೊಡಗಿದ ಮೊದಲ ರಾತ್ರಿ ತಲೆಯಿಡುವ ಜಾಗವೇ ಅದಕ್ಕಿಂತ ಮೇಲಿದೆ. ನಮ್ಮ ಬೆಟ್ಟಗಳು ಕಾಲಿಗೆ ಬಲ ಕೊಟ್ಟಾವು, ಹೆಗಲಿಗೆ ಹೊರೆಯ ರೂಢಿ ಮಾಡಿಸಿಯಾವು. ಎತ್ತರವನ್ನು ಅವು ಕಲಿಸಲಾರವು. ಕಾಲೇಜಿನ ಓಟದಲ್ಲಿ ಪದಕ ಗೆದ್ದವನಿಗೆ ಎತ್ತರದ ಕಾಯಿಲೆಯಿಂದ ಯಾವ ವಿನಾಯಿತಿಯೂ ಇಲ್ಲ. ತನ್ನ ಕಸುವನ್ನು ನಂಬಿ ಎಲ್ಲರಿಗಿಂತ ಮುಂದೆ ಧಾವಿಸುವುದರಿಂದ ಅವನೇ ಮೊದಲು ಬೀಳುವುದುಂಟು. ಅದಕ್ಕಾಗಿ ಅಭ್ಯಾಸದ ನಡಿಗೆಗಳಲ್ಲಿಯೇ ತಂಡದ ಅತ್ಯಂತ ನಿಧಾನಿಯನ್ನು ಮುಂದಿಟ್ಟುಕೊಂಡು, ಮಿಕ್ಕವರೆಲ್ಲ ಅವನ ಹಿಂದೆ ನಡೆಯುವ ಪದ್ಧತಿಯನ್ನು ಮಾಡಿದ್ದೇವೆ. ಮೊದಲ ದಿನ ಇದು ಗಟ್ಟಿಗರಿಗೆ ಅಸಹನೀಯವಾಗಿರುತ್ತದೆ. ಮೂರನೆಯ ನಡಿಗೆಯ ಹೊತ್ತಿಗೆ ಅವರು ಹಕ್ಕಿಗಳನ್ನು ನೋಡತೊಡಗುತ್ತಾರೆ.

ಈ ನಡಿಗೆಗಳಲ್ಲಿ ಸಂಜೆಯ ಕೂಟವೇ ನನಗೆ ಮುಖ್ಯವಾದದ್ದು. ದಿನದ ದಾರಿ ಮುಗಿದ ಮೇಲೆ ಎಲ್ಲರೂ ವೃತ್ತಾಕಾರವಾಗಿ ಕುಳಿತು ಒಬ್ಬೊಬ್ಬರಾಗಿ ತಮ್ಮ ಮೈಯ ಸಮಾಚಾರ ಹೇಳಬೇಕು: ಎಷ್ಟು ನೀರು ಕುಡಿದದ್ದಾಯಿತು, ಊಟ ಸೇರಿತೆ, ಎಲ್ಲಿ ನೋವು, ನಿದ್ರೆ ಹೇಗೆ. ಕುಮಾರಪರ್ವತದ ದಾರಿಯ ಗಿರಿಗದ್ದೆಯ ಬಯಲಿನಲ್ಲಿ ಒಂದು ತಂಡದ ಮೊದಲ ಕೂಟ ನಡೆದಾಗ ಎಲ್ಲರದೂ ಒಂದೇ ಉತ್ತರ: “ಏನೂ ಇಲ್ಲ ಸರ್, ಚೆನ್ನಾಗಿದ್ದೇನೆ.” ಹಾಗಾದರೆ ಎಲ್ಲರೂ ಬೂಟು ಕಾಲುಚೀಲ ಬಿಚ್ಚಿ ಎಂದೆ. ಲಾಟೀನಿನ ಬೆಳಕಿನಲ್ಲಿ ನೋಡಿದರೆ ಐವರ ಹಿಮ್ಮಡಿಗಳಲ್ಲಿ ಬೊಬ್ಬೆಗಳು. ಒಬ್ಬನದಂತೂ ಒಡೆದು, ಚರ್ಮ ಸುಲಿದು, ಕಾಲುಚೀಲಕ್ಕೆ ರಕ್ತ ಅಂಟಿಕೊಂಡಿತ್ತು. ಬೆಳಗಿನಿಂದ ಆ ಹುಡುಗ ಹಾಗೆಯೇ ನಡೆದಿದ್ದ. ಅವನನ್ನು ಯಾರೂ ಗದರಿಸಲಿಲ್ಲ. ಪಕ್ಕದಲ್ಲಿದ್ದವನು ತನ್ನ ನೀರಿನಿಂದ ಗಾಯ ತೊಳೆದು ಪಟ್ಟಿ ಅಂಟಿಸಿದನು; ಮೊದಲ ಉರಿ ಕಾಣಿಸಿಕೊಂಡ ಕೂಡಲೇ ನಿಂತು ಪಟ್ಟಿ ಹಾಕಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು, ಈಗ ಅವನು ವಾರದವರೆಗೆ ಬೂಟು ಮೆಟ್ಟುವಂತಿಲ್ಲ ಎಂಬುದು ಎಲ್ಲರಿಗೂ ಯಾರೂ ಹೇಳದೆ ತಿಳಿಯಿತು. ಮರುದಿನದ ಕೂಟದಲ್ಲಿ ಮಾತು ಬೇರೆಯಾಗಿತ್ತು. ಒಬ್ಬಳು ತನಗೆ ಕಡಿದಾದ ಅಂಚುಗಳಲ್ಲಿ ತಲೆ ತಿರುಗುತ್ತದೆಂದಳು. ಇನ್ನೊಬ್ಬ, ಚಿಕ್ಕಂದಿನಿಂದ ತನಗೆ ಉಬ್ಬಸವಿದೆಯೆಂದೂ ಅರ್ಜಿಯಲ್ಲಿ ಬರೆದಿರಲಿಲ್ಲವೆಂದೂ ಹೇಳಿದ. ಇಂಥ ಒಂದು ಸಂಜೆ ದೊರೆತರೆ ಸಾಕು, ತಂಡ ಅರ್ಧ ಸಿದ್ಧವಾದಂತೆ.

ಕಾಲೇಜಿನ ಪಡಸಾಲೆಯಲ್ಲಿ ಹಾಸುಗಲ್ಲುಗಳ ಸಂದಿನ ಗೆರೆಯೊಂದನ್ನು ಹಿಡಿದು, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳುಗಳಿಗೆ ತಾಗಿಸುತ್ತ ನೇರವಾಗಿ ನಡೆಯುವ ಅಭ್ಯಾಸವನ್ನೂ ಮಾಡಿಸುತ್ತೇವೆ. ಮಿದುಳಿಗೆ ನೀರು ಸೇರತೊಡಗಿದವನು ಹೀಗೆ ನಡೆಯಲಾರ, ಕುಡಿದವನಂತೆ ವಾಲುತ್ತಾನೆ. ಅಂಥವನು ತಾನು ಚೆನ್ನಾಗಿದ್ದೇನೆಂದು ಎಷ್ಟೇ ಸಾಧಿಸಿದರೂ ಅವನ ಮಾತನ್ನು ನಂಬಬಾರದು, ಒಬ್ಬನನ್ನೇ ಬಿಡಬಾರದು, ಕೆಳಗಿಳಿಸಬೇಕು. ಕುಳಿತಲ್ಲಿಯೇ ಏದುಸಿರು, ಬಿಡದ ಕೆಮ್ಮು, ಕಫದಲ್ಲಿ ನಸುಗೆಂಪು ನೊರೆ, ಇವು ಶ್ವಾಸಕೋಶದ ಸೂಚನೆಗಳು. ಎತ್ತರದಲ್ಲಿ ನಿದ್ರಿಸುವವನ ಉಸಿರು ಕೆಲವು ಕ್ಷಣ ನಿಂತೇಹೋಗಿ ಮತ್ತೆ ಜೋರಾಗಿ ಸಾಗುವುದುಂಟು. ಅದು ಅಲ್ಲಿ ಸಾಮಾನ್ಯ, ಮೊದಲೇ ಹೇಳಿಟ್ಟಿದ್ದರೆ ಪಕ್ಕದಲ್ಲಿ ಮಲಗಿದವರು ನಡುರಾತ್ರಿ ಹೌಹಾರುವುದಿಲ್ಲ. ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಎತ್ತರಕ್ಕೆ ಹೊಂದಿಕೊಳ್ಳಲು ನೆರವಾಗುತ್ತದೆಂಬುದು ನಿಜವಾದರೂ, ಅದು ಎಲ್ಲರಿಗೂ ಒಗ್ಗುವುದಿಲ್ಲ. ವೈದ್ಯರನ್ನು ಕಂಡು, ಅವರ ಕೈಬರಹದ ಚೀಟಿಯೊಡನೆ ತೆಗೆದುಕೊಳ್ಳತಕ್ಕದ್ದೇ ಹೊರತು ಗೆಳೆಯನ ಡಬ್ಬಿಯಿಂದಲ್ಲ. ವಿದ್ಯಾರ್ಥಿನಿಯರ ಮಾಸಿಕ ವಿಷಯವನ್ನು ಕುರಿತು ಮುಚ್ಚುಮರೆಯಿಲ್ಲದೆ ಮಾತನಾಡಬಲ್ಲ ಅಧ್ಯಾಪಿಕೆಯೊಬ್ಬರು ತಂಡದಲ್ಲಿ ಇರಲೇಬೇಕು. ಅಂಥವರಿಲ್ಲದ ತಂಡದಲ್ಲಿ ಹೆಣ್ಣುಮಕ್ಕಳು ಶೌಚದ ಮುಜುಗರಕ್ಕೆ ಅಂಜಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿಬಿಡುತ್ತಾರೆ.

ಇಂಥ ತರಬೇತಿ ಹೊಸದೇನೂ ಅಲ್ಲ. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಜರ್ಮನಿಯಿಂದ ಗಡೀಪಾರಾಗಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಕುರ್ಟ್ ಹಾನ್ ಎಂಬ ಶಿಕ್ಷಣವೇತ್ತನೂ, ಲಾರೆನ್ಸ್ ಹೋಲ್ಟ್ ಎಂಬ ಹಡಗು ಕಂಪನಿಯ ಒಡೆಯನೂ ಸೇರಿ ವೇಲ್ಸಿನ ಅಬರ್‌ಡವಿಯಲ್ಲಿ ‘ಔಟ್‌ವರ್ಡ್ ಬೌಂಡ್’ ಎಂಬ ತರಬೇತಿಶಾಲೆಯನ್ನು ತೆರೆದರು. ಹಡಗು ಮುಳುಗಿ ಸಣ್ಣ ದೋಣಿಗಳಲ್ಲಿ ತೇಲಬೇಕಾಗಿ ಬಂದಾಗ, ಕಟ್ಟುಮಸ್ತಾದ ತರುಣ ನಾವಿಕರು ಪ್ರಾಣ ಬಿಡುತ್ತಿದ್ದಾರೆ, ವಯಸ್ಸಾದವರು ಬದುಕುಳಿಯುತ್ತಿದ್ದಾರೆ ಎಂಬ ಹೋಲ್ಟನ ಕಳವಳ ಆ ಶಾಲೆಯ ಮೂಲದಲ್ಲಿತ್ತೆಂದು ಹೇಳುತ್ತಾರೆ. ನಮ್ಮಲ್ಲಿಯೂ 1954ರಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪಿತವಾಗಿ, ಅದರ ಹಿಂದಿನ ವರ್ಷವಷ್ಟೇ ಎವರೆಸ್ಟ್ ಏರಿ ಬಂದಿದ್ದ ತೇನ್‌ಸಿಂಗರು ಅಲ್ಲಿ ಕ್ಷೇತ್ರತರಬೇತಿಯ ನಿರ್ದೇಶಕರಾದರು. 1965ರಲ್ಲಿ ಉತ್ತರಕಾಶಿಯಲ್ಲಿ ಅಂಥದೇ ಇನ್ನೊಂದು ಸಂಸ್ಥೆ ಬಂದಿತು. ತಂಡದ ಜೊತೆಗೆ ಹೋಗುವ ಅಧ್ಯಾಪಕರಲ್ಲಿ ಒಬ್ಬರಾದರೂ ಇಂಥ ಸಂಸ್ಥೆಯೊಂದರಲ್ಲಿ ಕಲಿತು ಬಂದಿರುವುದು ಲೇಸು.

ಸಾಮಾನಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಬೂಟನ್ನು ಎರಡು ತಿಂಗಳು ಮುಂಚೆಯೇ ಕೊಂಡು ಮೆಟ್ಟಿ ಪಳಗಿಸಿರಬೇಕು. ಹತ್ತಿಯ ಬಟ್ಟೆ ಒದ್ದೆಯಾದರೆ ಒಣಗದೆ ಮೈಯ ಶಾಖವನ್ನು ಹೀರುವುದರಿಂದ ಉಣ್ಣೆಯೋ ಕೃತಕ ನೂಲೋ ಇರಲಿ. ಕುಡಿಯುವ ನೀರನ್ನು ಶುದ್ಧಿಮಾಡುವ ಮಾತ್ರೆ, ತಲೆಗೆ ಕಟ್ಟುವ ದೀಪ, ಬಿಸಿಲಿಗೆ ಕಪ್ಪು ಕನ್ನಡಕ. ಅನ್ನ, ಬೇಳೆ, ಪಲ್ಯ ಅಲ್ಲಿಯೂ ದೊರೆಯುವುವಾದ್ದರಿಂದ ನಮ್ಮವರಿಗೆ ಊಟಕ್ಕೆ ತೊಂದರೆಯಿಲ್ಲ. ಎತ್ತರದಲ್ಲಿ ಹಸಿವು ಕುಂದಿದಾಗ ಮನೆಯ ಚಟ್ನಿಪುಡಿ ಔಷಧಕ್ಕಿಂತ ಮಿಗಿಲಾಗಿ ಕೆಲಸಕ್ಕೆ ಬಂದದ್ದನ್ನು ಕಂಡಿದ್ದೇನೆ.

ಕಾಗದಪತ್ರಗಳಲ್ಲಿ ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ನೇಪಾಳಕ್ಕೆ ನಮಗೆ ವೀಸಾ ಬೇಡವೆಂಬ ಧೈರ್ಯದಿಂದ ಆಧಾರ್ ಚೀಟಿಯೊಂದನ್ನೇ ಹಿಡಿದು ವಿಮಾನನಿಲ್ದಾಣಕ್ಕೆ ಬರುವವರುಂಟು. ವಯಸ್ಕರಾದ ವಿದ್ಯಾರ್ಥಿಗಳಿಗೆ ಅಲ್ಲಿ ಅದು ನಡೆಯದು. ಪಾಸ್‌ಪೋರ್ಟಾಗಲಿ ಚುನಾವಣಾ ಆಯೋಗದ ಗುರುತಿನ ಚೀಟಿಯಾಗಲಿ ಬೇಕು, ಹದಿನೈದರಿಂದ ಹದಿನೆಂಟರವರೆಗಿನವರಿಗೆ ಶಾಲೆಯ ಮುಖ್ಯಸ್ಥರು ನಿಗದಿಯಾದ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ನಡೆಯುತ್ತದೆ. ನಮ್ಮ ನೂರು ರೂಪಾಯಿಗೆ ಅಲ್ಲಿನ ನೂರ ಅರವತ್ತು ಎಂಬ ದರ 1993ರಿಂದ ಬದಲಾಗಿಲ್ಲ. ಕಣಿವೆಯೊಳಗಿನ ಖರ್ಚಿನ ಹಣವನ್ನು ಕಾಠ್ಮಂಡುವಿನಲ್ಲಿಯೇ ನೇಪಾಳಿ ನೋಟುಗಳಾಗಿ ಮಾಡಿಸಿಕೊಳ್ಳುವುದು ಕ್ಷೇಮ. ವಿಮೆಯ ಪತ್ರವನ್ನು ಮಾತ್ರ ಕೊನೆಯ ಸಾಲಿನವರೆಗೂ ಓದಬೇಕು: ಇಂತಿಷ್ಟು ಮೀಟರಿನ ಮೇಲೆ ನಮ್ಮ ಹೊಣೆಯಿಲ್ಲ ಎಂಬ ಷರತ್ತು ಹಲವು ಸಾಧಾರಣ ಪಾಲಿಸಿಗಳಲ್ಲಿರುತ್ತದೆ, ಹೆಲಿಕಾಪ್ಟರಿನ ವೆಚ್ಚ ಸೇರಿದೆಯೆ ಎಂಬುದೂ ಅಲ್ಲಿಯೇ ತಿಳಿಯುತ್ತದೆ.

ಇನ್ನು ನನಗೆ ಬಹಳ ಹತ್ತಿರವಾದ ಒಂದು ವಿಷಯ. 2015ರ ಏಪ್ರಿಲ್ 25, ಶನಿವಾರ, ನಡುಹಗಲಿಗೆ ಇನ್ನೇನು ಕೆಲವೇ ನಿಮಿಷಗಳಿವೆ ಎನ್ನುವಾಗ ನೇಪಾಳವನ್ನು 7.8 ಪ್ರಮಾಣದ ಭೂಕಂಪ ನಡುಗಿಸಿತು. ಸುಮಾರು ಒಂಬತ್ತು ಸಾವಿರ ಜನ ಮಡಿದರು. ಲಾಂಗ್‌ಟಾಂಗ್ ಹಳ್ಳಿಯ ಮೇಲಿನ ಪರ್ವತದಿಂದ ಹಿಮವೂ ಬಂಡೆಯೂ ಒಟ್ಟಿಗೆ ಕಳಚಿಬಿದ್ದು ಊರನ್ನು ಇಡಿಯಾಗಿ ಹೂತುಹಾಕಿದವು. ಅದರೊಡನೆ ಎದ್ದ ಗಾಳಿಯ ಹೊಡೆತಕ್ಕೆ ಎದುರು ದಡದ ಕಾಡಿನ ಮರಗಳೆಲ್ಲ ಒಂದೇ ದಿಕ್ಕಿಗೆ ಮಲಗಿದವು. ಬಂಡೆಯ ಆಸರೆಯಲ್ಲಿದ್ದ ಒಂದು ಮನೆ ಮಾತ್ರ ನಿಂತಿತು. ಕಣಿವೆಯಲ್ಲಿ ಸತ್ತವರು ಮುನ್ನೂರಕ್ಕೂ ಹೆಚ್ಚು, ಊರವರೂ ಪರದೇಶದ ಚಾರಣಿಗರೂ ಸೇರಿ. ಇಂದು ದಾರಿ ಹಾದುಹೋಗುವುದು ಆ ಕಲ್ಲುರಾಶಿಯ ಮೇಲೆಯೇ. ಬದುಕಿ ಉಳಿದವರು ಅದರ ಪಕ್ಕದಲ್ಲಿ ಹೊಸ ಊರು ಕಟ್ಟಿಕೊಂಡು, ಬಂದವರಿಗೆ ಅನ್ನವಿಕ್ಕಿ ಹಾಸಿಗೆ ಕೊಡುತ್ತಿದ್ದಾರೆ.

ಇಲ್ಲಿಗೆ ಹೋಗುವ ವಿದ್ಯಾರ್ಥಿಗಳನ್ನು ಇದಕ್ಕೆ ಅಣಿಗೊಳಿಸದೆ ಕರೆದೊಯ್ಯುವುದು ಆ ಜನಕ್ಕೆ ಮಾಡುವ ಅಪಚಾರವೆಂದೇ ನಾನು ಭಾವಿಸಿದ್ದೇನೆ. ಅದಕ್ಕಾಗಿ ಹೊರಡುವ ಮುನ್ನ ಒಂದು ಸಂಜೆಯನ್ನು ಪೂರ್ತಿಯಾಗಿ ಭೂಕಂಪದ ವೃತ್ತಾಂತಗಳನ್ನು ಓದುವುದಕ್ಕೆಂದೇ ಮೀಸಲಿಡುತ್ತೇವೆ. ಊಟ ಬಡಿಸುವ ಹೆಂಗಸು ಅಂದು ಗಂಡನನ್ನೋ ಮಗುವನ್ನೋ ಕಳೆದುಕೊಂಡವಳಿರಬಹುದು. ತಾವಾಗಿ ಕೇಳಿ ಕೆದಕಬಾರದು, ಅವಳಾಗಿ ಹೇಳಿದರೆ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟು ಕೇಳಬೇಕು. ಕಲ್ಲುರಾಶಿಯ ಮೇಲೆ ನಿಂತು ನಗುನಗುತ್ತ ಫೋಟೊ ತೆಗೆಸಿಕೊಳ್ಳಬಾರದು. ಮೃತರ ಹೆಸರುಗಳನ್ನು ಕೆತ್ತಿರುವ ಸ್ಮಾರಕದ ಬಳಿ ತಂಡ ನಿಲ್ಲುತ್ತದೆ. ಎಷ್ಟು ಹೊತ್ತು ಎಂಬುದನ್ನು ನಾನು ಎಂದೂ ಹೇಳಿಲ್ಲ. ಈ ಕಣಿವೆಯ ಜನ ಬೌದ್ಧರು. ಮಂತ್ರಗಳನ್ನು ಕೆತ್ತಿದ ಕಲ್ಲುಗಳ ಉದ್ದನೆಯ ಗೋಡೆಗಳು ದಾರಿಯ ನಡುವೆ ಬಂದಾಗ ಅವನ್ನು ಬಲಕ್ಕೆ ಬಿಟ್ಟುಕೊಂಡು, ಪ್ರದಕ್ಷಿಣೆಯ ಕ್ರಮದಲ್ಲಿ ನಡೆಯಬೇಕು. ಅವರ ಒಲೆ ಪವಿತ್ರವಾದದ್ದು, ಅದರೊಳಗೆ ಕಸ ಎಸೆಯಬಾರದು. ದೇವಸ್ಥಾನವನ್ನು ಎಡದಿಂದ ಬಲಕ್ಕೆ ಸುತ್ತುವ, ಒಲೆಗೆ ಪೂಜೆ ಮಾಡುವ ಮನೆಗಳಿಂದ ಬಂದ ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಶ್ರಮವೇ ಇಲ್ಲ, ಜ್ಞಾಪಿಸಿದರೆ ಸಾಕು. ನಡುವಯಸ್ಸಿನ ಹೆಂಗಸನ್ನು ‘ದೀದಿ’ ಎಂದೂ ಹಿರಿಯ ಗಂಡಸನ್ನು ‘ದಾಯಿ’ ಎಂದೂ ಕರೆಯಲು ಕಲಿತು ಹೋದರೆ ಅಡಿಗೆಮನೆಯ ಒಲೆಯ ಬಳಿ ಜಾಗ ಸಿಗುತ್ತದೆ.

ಅಲ್ಲಿನ ಜನರೊಡನೆ ನಡೆದುಕೊಳ್ಳುವ ರೀತಿಗೆ ಹೊರೆಯಾಳುಗಳ ಮಾತೂ ಸೇರಿದ್ದು. ಅವರ ಹಿತ ಕಾಯುವ ಸಂಸ್ಥೆಗಳು ನೇಪಾಳದಲ್ಲಿ ಒಬ್ಬನ ಹೊರೆಗೆ 30 ಕಿಲೋ ಮಿತಿ ಹೇಳುತ್ತವೆ. ಹೊರೆಯಾಳು ತಗ್ಗುಪ್ರದೇಶದ ಊರಿನಿಂದ ಬಂದವನಾದರೆ ಅವನಿಗೂ ನಮ್ಮಂತೆಯೇ ತಲೆ ನೋಯುತ್ತದೆ. ಅವನಿಗೆ ಬೆಚ್ಚನೆಯ ಬಟ್ಟೆ, ಸರಿಯಾದ ಬೂಟು, ವಿಮೆ ಇವೆಯೆ ಎಂದು ಕೇಳುವುದು ಹಣ ಕೊಡುವವರ ಕರ್ತವ್ಯ. ಸಂಜೆಯ ಕೂಟದಲ್ಲಿ ಅವರನ್ನೂ ನಮ್ಮೊಡನೆ ಕೂರಿಸಿಕೊಳ್ಳುತ್ತೇವೆ. ಅವರ ಮೈಯ ಸಮಾಚಾರವನ್ನೂ ಕೇಳುತ್ತೇವೆ.

ಸಂಸ್ಥೆಗಳ ಹೊಣೆಯನ್ನು ಕುರಿತು ಒಂದೆರಡು ಮಾತು ಹೇಳದೆ ಮುಗಿಸಲಾರೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಪಾತ್ರದಲ್ಲಿ ಇಳಿದಿದ್ದ ಹೈದರಾಬಾದಿನ 24 ಮಂದಿ ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿ ಕೊಚ್ಚಿಹೋದರು. ಅದನ್ನು ನೆನೆದರೆ ಇಂದಿಗೂ ಮನಸ್ಸು ಕಲಕುತ್ತದೆ. 1993ರ ಮಾರ್ಚಿನಲ್ಲಿ ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ದೋಣಿ ನಡೆಸುತ್ತಿದ್ದ ನಾಲ್ವರು ಶಾಲಾಮಕ್ಕಳು ಸತ್ತಾಗ, ಆ ದೇಶ ಎರಡೇ ವರ್ಷಗಳಲ್ಲಿ ಸಾಹಸಕೇಂದ್ರಗಳಿಗೆ ಪರವಾನಗಿಯನ್ನು ಕಡ್ಡಾಯಮಾಡುವ ಕಾನೂನು ತಂದಿತು. ಮುಂದೆ ವಿದೇಶಗಳಿಗೆ ಹೋಗುವ ಸಾಹಸಯಾತ್ರೆಗಳಿಗಾಗಿ 2007ರಲ್ಲಿ ಒಂದು ಮಾನದಂಡವನ್ನೇ ರಚಿಸಿ, ಎವರೆಸ್ಟಿನ ಎತ್ತರವನ್ನು ನೆನಪಿಸುವಂತೆ ಅದಕ್ಕೆ 8848 ಎಂಬ ಸಂಖ್ಯೆಯನ್ನು ಕೊಟ್ಟರು. ಬಸ್ಸಿನವನು ಒಬ್ಬ, ಮಾರ್ಗದರ್ಶಿ ಇನ್ನೊಬ್ಬ, ವಸತಿಯವನು ಮತ್ತೊಬ್ಬನಾದರೂ ಇಡೀ ಯಾತ್ರೆಗೆ ಹೊಣೆಯಾದವರು ಒಬ್ಬರೇ ಎಂಬುದು ಆ ಮಾನದಂಡದ ತಿರುಳು. ನಮ್ಮಲ್ಲಿ ಅನಾಹುತವಾದ ಮೇಲೆ ಹೊಣೆಯನ್ನು ಹಂಚುತ್ತೇವೆ. ಹೊರಡುವ ಮೊದಲೇ ಅದನ್ನು ಒಬ್ಬರ ಹೆಸರಿನಲ್ಲಿ ಬರೆದಿಡುವುದು ಕಾಲೇಜುಗಳಿಗೆ ದುಸ್ಸಾಧ್ಯವೇನೂ ಅಲ್ಲ. ನೇಪಾಳ ಸರ್ಕಾರ 2023ರ ಏಪ್ರಿಲಿನಿಂದ ಪರದೇಶದ ಚಾರಣಿಗರಿಗೆ ಮಾರ್ಗದರ್ಶಿಯನ್ನು ವಿಧಿಸಿದೆ. ಆದರೆ ಮಾರ್ಗದರ್ಶಿಯ ಸಂಗಡ ಮಕ್ಕಳನ್ನು ಕಳಿಸಿಕೊಟ್ಟ ಮಾತ್ರಕ್ಕೆ ಕಾಲೇಜಿನ ಹೊಣೆ ತೀರುವುದಿಲ್ಲ.

ಹೊರಡುವುದಕ್ಕೆ ಎರಡು ವಾರವಿರುವಾಗ ತಂದೆತಾಯಿಗಳನ್ನು ಕರೆಯುತ್ತೇವೆ. ಕಣಿವೆಯಲ್ಲಿ ದೂರವಾಣಿಯ ಸಂಪರ್ಕ ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲದಿರಬಹುದು. ಒಂದು ದಿನ ಸುದ್ದಿ ಬಾರದಿದ್ದರೆ ಅದನ್ನು ಕೆಟ್ಟ ಸುದ್ದಿಯೆಂದು ಎಣಿಸಕೂಡದು. ತಂಡದ ಪರವಾಗಿ ಮಾತನಾಡುವವರು ಒಬ್ಬರು, ಕಾಲೇಜಿನಲ್ಲಿ ಕೇಳಿಕೊಂಡು ಮನೆಗಳಿಗೆ ತಿಳಿಸುವವರು ಒಬ್ಬರು. ಆ ಎರಡು ಸಂಖ್ಯೆಗಳನ್ನು ಎಲ್ಲರೂ ಬರೆದುಕೊಂಡು ಹೋಗುತ್ತಾರೆ. ಅನಂತರ ಒಂದು ಪತ್ರವನ್ನು ಓದುತ್ತೇನೆ. ವಿದ್ಯಾರ್ಥಿಗೆ ಅಸ್ವಸ್ಥತೆಯಾದರೆ ಅಧ್ಯಾಪಕರೊಬ್ಬರು ಅವನೊಡನೆ ಇಳಿಯತಕ್ಕದ್ದೆಂದೂ, ಹಾಗೆ ಇಳಿಯಲು ಅಧ್ಯಾಪಕರು ಸಾಲದೆ ಹೋದರೆ ತಂಡವೇ ಇಳಿಯತಕ್ಕದ್ದೆಂದೂ, ಅದರಿಂದ ಆಗುವ ನಷ್ಟವನ್ನು ಯಾರೂ ಯಾರ ಮೇಲೂ ಹೊರಿಸತಕ್ಕದ್ದಲ್ಲವೆಂದೂ ಅದರಲ್ಲಿ ಬರೆದಿರುತ್ತದೆ. “ಇಷ್ಟು ದುಡ್ಡು ಸುರಿದು ಅರ್ಧಕ್ಕೇ ವಾಪಸು ಬಂದರೆ ಹೇಗೆ ಸಾರ್?” ಎಂದು ಒಬ್ಬ ತಂದೆಯಾದರೂ ಕೇಳದೆ ಇರುವುದಿಲ್ಲ. ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಸಾಲ ಮಾಡಿ ಕಳಿಸುವವರೂ ಇದ್ದಾರೆ. ಆ ಹಣ ಹಿಂದಕ್ಕೆ ಬರುವುದಿಲ್ಲವೆಂದೇ ಹೇಳುತ್ತೇನೆ. ಮಗನು ಸುಮಾರು ನಾಲ್ಕು ಸಾವಿರ ಮೀಟರಿನ ಎತ್ತರದಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ತಂದೆಯ ಈ ಪ್ರಶ್ನೆಯನ್ನು ನೆನೆದು ಬಾಯಿ ಮುಚ್ಚಿಕೊಂಡು ಮಲಗಬಾರದು, ಆದ್ದರಿಂದ ಅದರ ಉತ್ತರವನ್ನು ಈಗಲೇ ಅವನ ಎದುರಿಗೇ ಕೊಟ್ಟುಬಿಡಿ ಎಂದು ಬೇಡಿಕೊಳ್ಳುತ್ತೇನೆ. ಬಹುಪಾಲು ಮಂದಿ ಮಗನ ಕಡೆಗೊಮ್ಮೆ ನೋಡಿ ಸಹಿ ಮಾಡುತ್ತಾರೆ. ಮಾಡಲೊಪ್ಪದ ಮನೆಯ ವಿದ್ಯಾರ್ಥಿಯನ್ನು, ಎಷ್ಟೇ ಗಟ್ಟಿಗನಾಗಿರಲಿ, ಆ ವರ್ಷ ಕರೆದೊಯ್ಯುವುದಿಲ್ಲ.